ಗುಳಿಗಿ ಕೊಟ್ಟ ಮಾರಿ

ನಮ್ಮ ಅಕ್ಕ ಭಾಳ ಮಾತಿನಮಲ್ಲಿ. ಬೈಲಹೊಂಗಲದ ನಮ್ಮ ಓಣ್ಯಾಗ ಅಕಿ ನಕ್ಕರ ಆಚಿ ಮನಿಯವರಿಗೂ ನಗು ಬರತಿತ್ತು. ತೊಂಬತ್ತರ ಇಸವಿ ಆಚೀಚಿ, ಕಾಲೇಜು ಮುಗಿಸೂದ್ರಾಗ, ಯಾರಿಗೂ ಕೇಳಲಾರದ ಧ್ವನಿ ಅಕಿಗೆ ಕೇಳಾಕ ಹತ್ತಿದವು. ಗ್ವಾಡಿಗೆ ಕಿವಿ ಹಚ್ಚಿ ಕುಂಡ್ರಾಕಿ, ಅನ್ನದಾಗ ವಿಷ ಐತಿ ಅಂತ ಗಂಗಾಳ ಒಗಿಯಾಕಿ. ಧಾರವಾಡದ ದವಾಖಾನಿಗೆ ಕರಕೊಂಡು ಹೋದ್ವಿ.

ಡಾಕ್ಟರ್ ಪುಣ್ಯಾತ್ಮ, ಬಿಡಿಸಿ ಹೇಳಿದ್ರು: "ಮಿದುಳಿನಾಗ ಡೋಪಮೈನ್ ಅಂತ ಒಂದು ರಸ ಐತ್ರಿ. ಅದರ ಅಬ್ಬರ ಹೆಚ್ಚಾದ್ರ ಇಲ್ಲದ್ದು ಕೇಳತೈತಿ. ಈ ಗುಳಿಗಿ ಅದಕ್ಕ ಬಾಗಲ ಹಾಕತೈತಿ. ಆದ್ರ ಕೈಕಾಲು, ಮಾರಿ ಮ್ಯಾಲಿನ ಕಣ್ಣು-ಬಾಯಿ ಆಡಸೂದೂ ಅದೇ ರಸ. ಆ ಕಡೀ ಬಾಗಲಾನೂ ಮುಚ್ಚತೈತ್ರಿ."

ಎರಡೂ ಬಾಗಲ ಮುಚ್ಚಿದವು. ಧ್ವನಿ ನಿಂತವು, ಜೋಡೀಲೆ ನಗೂನೂ ನಿಂತಿತು. ಕಣ್ಣು ಪಿಳಕಿಸೂದು ಮರತಳು. ಕೈ ಬೀಸಲಾರದ ಸಣ್ಣ ಸಣ್ಣ ಹೆಜ್ಜಿ ಇಡಾಕಿ.

ಅಂಥಾ ಹೊತ್ತಿನಾಗ ರಾಮದುರ್ಗದವರು ಹೆಣ್ಣು ನೋಡಾಕ ಬಂದ್ರು. ಅಕ್ಕ ತಲಿ ಬಗ್ಗಿಸಿ, ಮೆಲ್ಲಕ ಚಹಾ ತಂದಿಟ್ಟು, ಗೊಂಬಿಯಂಗ ಕುಂತಳು. ಹುಡುಗನ ಅವ್ವ ಖುಷಿಯಾಗಿಬಿಟ್ಟಳು: "ಎಷ್ಟು ಶಾಂತ ಅದಾಳ್ರೀ ಹುಡುಗಿ! ಒಂದ ಸಲಾನೂ ತಲಿ ಎತ್ತಲಿಲ್ಲ ನೋಡ್ರಿ." ಯವ್ವಾ! ತಂಗಿ ನಾನು, ಬಾಗಲ ಸಂದ್ಯಾಗ ನಿಂತು ಎಲ್ಲಾ ಕೇಳಿದೆ. ಅವರು ಹೋದ ಮ್ಯಾಲೆ, ಗುಳಿಗಿ ಸುದ್ದಿ ಯಾಕ ಹೇಳಲಿಲ್ಲ ಅಂತ ಅವ್ವನ ಜೋಡಿ ಜಗಳಾ ತಗದೆ. "ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತಾರ. ನಾವು ಒಂದೂ ಹೇಳಿಲ್ಲ, ಬಾಯಿ ಮುಚ್ಚಿಕೊಂಡು ಕುಂತೇವಿ ಅಷ್ಟ," ಅಂದ್ಲು ಅವ್ವ.

ಲಗ್ನ ಆಗಿಹೋತು. ಅತ್ತಿ ಮನ್ಯಾಗ ಗುಳಿಗಿ ಕದ್ದು ತಗೋಬೇಕಲ್ಲ? ಕಂಡೀತು ಅಂತ ಹೆದರಿ ಅಕ್ಕ ಬಿಟ್ಟಬಿಟ್ಟಳು. ದೀಪಾವಳಿ ಬರೂದ್ರಾಗ ಧ್ವನಿ ತಿರುಗಿ ಬಂದವು. ಅವರು ಅಕಿನ್ನ ಜೀಪಿನಾಗ ತಂದು ನಮ್ಮ ಕಟ್ಟಿ ಮ್ಯಾಲೆ ಕುಂಡ್ರಿಸಿ, ಮೋಸಗಾರ್ರು ಅಂತ ಓಣಿಗೆಲ್ಲಾ ಕೇಳೂಹಂಗ ಬೈದು ಹೋದ್ರು. ಸುಡ್ಲಿ, ಅವರು ಅಂದದ್ದು ಖರೇನ ಇತ್ತು.

ಮತ್ತ ವರ್ಷಗಟ್ಟಲೆ ಅದ ಗುಳಿಗಿ, ಅದ ಸತ್ತ ಮಾರಿ. ಎರಡು ಸಾವಿರದ ಇಸವಿ ದಾಟಿದ ಮ್ಯಾಲೆ ಡಾಕ್ಟರ್ ಹೊಸಾ ಗುಳಿಗಿ ಬರದ್ರು. "ಇದು ಸೆರೊಟೊನಿನ್ ಅನ್ನೂ ಇನ್ನೊಂದು ರಸದ ಬಾಗಲಾನೂ ಹಿಡೀತೈತ್ರಿ. ಹಂಗಾಗಿ ಮೈ ಆಡಸೂ ಕಡೆ ಡೋಪಮೈನ್ ಒಂದೀಟು ಸಡಲ ಆಕ್ಕೈತಿ. ಮಾರಿ ಬಿಚ್ಚಿಕೊಳ್ಳಬಹುದು." ಅವ್ವ ಅಕ್ಕನ ನಗೂಕ ಕಾಯಕೋತ ಕುಂತಳು.

ಮಾರಿ ಬಿಚ್ಚಿತು. ಒಂದು ಮಧ್ಯಾಹ್ನ ಮೆಂತೆಪಲ್ಲೆ ಸೋಸಕೋತ ಕುಂತಾಕಿ ಹೋ ಅಂತ ಅಳಾಕ ಹತ್ತಿದಳು. ಅವ್ವ ಓಡಿ ಬಂದು, "ಯಾಕವ್ವಾ, ಮತ್ತ ಧ್ವನಿ ಬಂದ್ವೇನು?" ಅಂದ್ಲು.

"ಇಲ್ಲ ಬೇ. ರಾಮದುರ್ಗದವರು ಒಪ್ಪಿದ್ದು ಗುಳಿಗೀನ. ನನ್ನ ನೋಡಾಕ ಯಾರೂ ಬಂದೇ ಇಲ್ಲ."