ತೂಬಿನ ಹಿಡಿ ಮನೆ ಬದಲಿಸಿದ ವರ್ಷ

ಆಗೆಲ್ಲ ನಮ್ಮ ಕಡೆ ಕಾಲುವೆಗೆ ನೀರು ಬಂದ ದಿನವೇ ಹಬ್ಬ. ನೆನೆದ ಮಣ್ಣಿನ ವಾಸನೆ ಮೂಗಿಗೆ ಬಡಿದರೆ ಸಾಕು, ಶಾಲೆ ಬಿಟ್ಟು ದಂಡೆಗೆ ಓಡುತ್ತಿದ್ದೆವು. ಸಿಂಧನೂರಿನ ಆಚೆ, ಕಾಲುವೆಯ ಕೊನೆಯಲ್ಲಿ ನಮ್ಮೂರು. ಮೇಲಿನೂರಿನವರು ಬಿಟ್ಟರೆ ನಮಗೆ ನೀರು. ಅದಕ್ಕೇ ಕೆಳಗಿನ ಮೂರೂರು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ನಮ್ಮೂರು ದೊಡ್ಡದು, ಅಪ್ಪನೇ ಹಿರಿಯ. ಮೂರೂರಿಗೂ ನೀರು ಬಿಡುವ ತೂಬು ತಿರುಗಿಸುವ ಕಬ್ಬಿಣದ ಹಿಡಿ ನಮ್ಮ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಹಿಡಿ ಯಾರ ಮನೆಯಲ್ಲೋ ಸಭೆಯಲ್ಲಿ ಮೊದಲ ಚಹಾ ಅವರಿಗೆ, ಕೊನೆಯ ಮಾತೂ ಅವರದೇ.

ಮಕ್ಕಳಲ್ಲೂ ಅದೇ ಕಾಯಿದೆ. ಒಕ್ಕೂಟದಲ್ಲಿದ್ದ, ತೂಬಿನ ಪಕ್ಕದ ಸಣ್ಣ ಊರಿನ ರೇಣುಕಾ ನನ್ನ ಜೀವದ ಗೆಳತಿ. ಆದರೂ ಗಜಗದ ಕಾಯಿ ಹಾರಿಸಿ ಹಿಡಿಯುವ ಆಟದಲ್ಲಿ ಮೊದಲ ಆಟ ನನ್ನದು, ಅವಳು ತಂದ ಹುರಿದ ಶೇಂಗಾದಲ್ಲಿ ಮೊದಲ ಮುಷ್ಟಿಯೂ ನನ್ನದು. ಏನು ಸೊಕ್ಕೋ ನನಗೆ!

ಒಂದು ಬೇಸಿಗೆ, ಭತ್ತ ತೆನೆ ಬಿಡುವ ಹೊತ್ತಿಗೆ, ಮೇಲಿನೂರಿನವರು ಕಲ್ಲು ಮಣ್ಣಿನ ಒಡ್ಡು ಹಾಕಿ ನೀರು ತಡೆದರು. ಮಾತಿನ ಜಗಳ ಬಡಿಗೆಗೆ ಹೋಯಿತು. ಬಡಿದಾಡಲು ಹೊರಟ ಉಳಿದೆರಡು ಊರಿನವರಿಗೆ ಅಪ್ಪ ಟ್ರ್ಯಾಕ್ಟರ್ ಕಳಿಸಿದ, ಡೀಸೆಲ್ ಕಳಿಸಿದ, ಬುಟ್ಟಿ ತುಂಬ ಮಂಡಕ್ಕಿ ಮಿರ್ಚಿ ಕಳಿಸಿದ. ನಮ್ಮೂರಿನ ಜನರನ್ನು ಮಾತ್ರ ಕಳಿಸಲಿಲ್ಲ.

"ನಮ್ಮ ಹುಡುಗ್ರು ಯಾಕ ಪೆಟ್ಟು ತಿನ್ನಬೇಕು? ಖರ್ಚೆಲ್ಲ ನಮ್ದ ಐತಿ, ಮಾತೂ ನಮ್ದ ನಡೀತೈತಿ," ಎಂದ ಅಪ್ಪ.

"ಮಿರ್ಚಿ ತಿಂದದ್ದು ನಾಳೆ ಮರೀತಾರ್ರೀ. ಪೆಟ್ಟು ತಿಂದದ್ದು ಮರೀತಾರೇನು?" ಎಂದಳು ಅವ್ವ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಡೆದಾಟದಲ್ಲಿ ರೇಣುಕಾಳ ಅಪ್ಪ ಹನುಮಂತ ಕಾಕಾನ ಬಲಗೈ ಮುರಿಯಿತು. ಒಡ್ಡು ಒಡೆದು ನೀರೇನೋ ಬಂತು. ಮರುವಾರ ಬೇವಿನ ಕಟ್ಟೆಯ ಮೇಲೆ ಮೂರೂರೂ ಸೇರಿದಾಗ ಅಪ್ಪ ಎಂದಿನಂತೆ ಹಿಡಿಯನ್ನು ಮುಂದಿಟ್ಟುಕೊಂಡು ಕೂತ. ಚಹಾದ ಮೊದಲ ಲೋಟ ಅವನನ್ನು ದಾಟಿ, ಕೊರಳಿಗೆ ಕೈ ಕಟ್ಟಿಕೊಂಡಿದ್ದ ಕಾಕಾನ ಕಡೆ ಹೋಯಿತು.

"ಗೌಡ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಿಡಿ ಇನ್ನ ನಮ್ಮೂರಾಗ ಇರ್ಲಿ," ಎಂದ ಕಾಕಾ.

ಮೂರನೆಯ ಊರಿನವರು ತಲೆ ತಗ್ಗಿಸಿ ಚಹಾ ಕುಡಿದರು. ಅಪ್ಪ ಹಿಡಿ ಕೊಟ್ಟು ಎದ್ದು ಬಂದ.

ಅಲ್ಲಿಂದ ಮುಂದೆ ಮೇಲಿನೂರಿನವರು ರಾಜಿ ಮಾತಿಗೆ ಬರುತ್ತಿದ್ದದ್ದು ಕಾಕಾನ ಮನೆಗೇ. ರಾಜಿಯೂ ಆಯಿತು: ಮೇಲಿನೂರಿಗೂ ಕಾಕಾನ ಊರಿಗೂ ಮೊದಲು, ಉಳಿದರೆ ನಮಗೆ. ಉಳಿಯಲಿಲ್ಲ. ಹಾಲು ತುಂಬಬೇಕಿದ್ದ ತೆನೆ ಜೊಳ್ಳಾಯಿತು. ನಾನು ಅಳುತ್ತ ರೇಣುಕಾಳ ಹತ್ತಿರ ಓಡಿದೆ.

"ನಿಮ್ಮಪ್ಪಗ ಹೇಳಬೇ, ಒಂದಿನ ಆದ್ರೂ ನೀರು ಬಿಡ್ಲಿ."

ಅವಳು ಗಜಗ ಆಡುತ್ತಲೇ ಅಂದಳು: "ನಿಮ್ಮಪ್ಪ ಒಬ್ಬ ಮನಿಷ್ಯಾನ್ನರ ಕಳಿಸಿದ್ನೇನು? ನಮ್ಮಪ್ಪನ ಕೈ ಇನ್ನಾ ಮ್ಯಾಲ ಏಳವಲ್ದು."

ನಾನು ಬಂದ ದಾರಿಯಲ್ಲೇ ಮನೆಗೆ ನಡೆದೆ.

ಈಗ ಲಿಂಗಸುಗೂರಿನಲ್ಲಿ ಮಕ್ಕಳಿಗೆ ಸಮಾಜ ಪಾಠ ಹೇಳುತ್ತೇನೆ. ಎಲ್ಲೋ ಯುದ್ಧ, ಟಿವಿಯಲ್ಲಿ ಮಿತ್ರ ದೇಶಗಳ ಸಭೆ. ಒಬ್ಬರು ಹಣ, ಮದ್ದುಗುಂಡು ಕಳಿಸುತ್ತಾರೆ. ಇನ್ನೊಬ್ಬರ ಮನೆ ಉರಿಯುತ್ತದೆ. "ಟೀಚರ್, ಯಾರು ಗೆಲ್ತಾರ್ರೀ?" ಎಂದು ಮಕ್ಕಳು ಕೇಳುತ್ತವೆ. ನನ್ನ ಕಣ್ಣು ಯಾರು ಯಾರ ಪಕ್ಕ ಕೂತಿದ್ದಾರೆ ಎಂಬುದರ ಮೇಲೆ. ನಾಳೆ ಇವರು ಹೀಗೆ ಕೂರುವುದಿಲ್ಲ ಎನಿಸುತ್ತದೆ. ನಮ್ಮ ಮೂರೂರು ಮತ್ತೆ ಕೂಡಲೇ ಇಲ್ಲ. ಅಪ್ಪ ಸಾಯುವವರೆಗೂ ಆ ದಂಡೆ ಹತ್ತಲಿಲ್ಲ.

ಹೋದ ವರ್ಷ ಮಸ್ಕಿ ಬಸ್ ನಿಲ್ದಾಣದಲ್ಲಿ ರೇಣುಕಾ ಕಂಡಳು. ಕೈಯಲ್ಲಿ ಶೇಂಗಾ ಪೊಟ್ಟಣ. ನನ್ನ ಗುರುತು ಹಿಡಿದಳು. ಪೊಟ್ಟಣದ ಮೇಲೆ ಸೆರಗು ಮುಚ್ಚಿಕೊಂಡು ಆಚೆ ತಿರುಗಿ ಕೂತಳು.