ಪಟ್ಟಿಯಿದ್ದರೂ ನಮ್ಮದಲ್ಲದ ಕಾಡತೂಸು

ಕಬ್ಬೂರಿನ ನಮ್ಮ ಮನೆಯಲ್ಲೊಂದು ಮ್ಯಾಗ್ನಮ್ ರೈಫಲ್ ಇತ್ತು. ಮಾವನವರಿಗೆ ಅವರ ಸೋದರಮಾವನಿಂದ ಬಂದದ್ದು. ಆತ ಶಿಕಾರಿ ಕಾಲದ ಮನುಷ್ಯ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದಕ್ಕೆ ಉಳಿದದ್ದು ಒಂದೇ ಕೆಲಸ: ಕಬ್ಬಿಗೆ ಹಂದಿ ನುಗ್ಗಿದರೆ ಆಕಾಶಕ್ಕೊಂದು ಗುಂಡು ಹಾರಿಸುವುದು.

ಮಾವನವರಿಗೆ ಅದರ ಜಂಬ ಬಹಳ. ಆ ಜಂಬಕ್ಕೆ ತಕ್ಕ ವಿದ್ಯೆಯೂ ಇತ್ತು, ಸುಳ್ಳು ಹೇಳಬಾರದು. ಮಗನನ್ನು, ಅಂದರೆ ನನ್ನ ಗಂಡನನ್ನು, ಕೂರಿಸಿಕೊಂಡು ಹೇಳುತ್ತಿದ್ದರು: ಕಾಡತೂಸಿನ ಬುಡಕ್ಕೆ ಸೊಂಟಪಟ್ಟಿಯಂತೆ ಹಿತ್ತಾಳೆಯ ಉಬ್ಬಿದೆಯಲ್ಲ, ಅದು ಮ್ಯಾಗ್ನಮ್ ಗುರುತು, ಆದರೆ ಪಟ್ಟಿ ಇದ್ದದ್ದೆಲ್ಲ ನಮ್ಮದಲ್ಲ, ಬುಡದ ಅಂಕಿಯೂ ನಳಿಗೆಯ ಅಂಕಿಯೂ ಒಂದೇ ಇರಬೇಕು. ಮಗ ಆಕಳಿಸುತ್ತಿದ್ದ. ಬಾಗಿಲ ಹಿಂದೆ ಸೆರಗು ಹೊದ್ದು ನಿಂತ ನಾನು ಕಲಿತೆ. ಮಾವನ ಮುಂದೆ ಸೊಸೆ ಬಂದು ಮಾತಾಡುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಇಲೆಕ್ಷನ್ ಬಂತು. ಇಲೆಕ್ಷನ್ ಬಂದರೆ ಲೈಸನ್ಸಿನ ಬಂದೂಕನ್ನು ಠಾಣೆಯಲ್ಲಿಡಬೇಕು. ಮುಗಿದ ಮೇಲೆ ನನ್ನ ಗಂಡ ಬಿಡಿಸಿಕೊಂಡು ಬಂದ. ಪಕ್ಕದೂರಿನವನೊಬ್ಬನೂ ಅಂದೇ ತನ್ನದನ್ನು ಬಿಡಿಸಿಕೊಂಡಿದ್ದ. ಇಬ್ಬರೂ ಕಾಡತೂಸಿನ ಗಂಟುಗಳನ್ನು ಒಂದೇ ಬೆಂಚಿನ ಮೇಲಿಟ್ಟು ಚಹಾ ಕುಡಿದರಂತೆ. ಗಂಡ ಏಳುವಾಗ ಗಂಟು ಬಿಚ್ಚಿ ಕಾಡತೂಸಿನ ಪಟ್ಟಿಯೊಂದನ್ನೇ ನೋಡಿ ಅವನ ಗಂಟನ್ನು ಎತ್ತಿಕೊಂಡಿದ್ದ.

ಅಂದೇ ಸಂಜೆ ಹಂದಿ ನುಗ್ಗಿದವು. ಗಂಡ ಅಂಗಳದಲ್ಲೇ ಕಾಡತೂಸು ತುಂಬಲು ಹೋದ. ಕಟ್ಟೆಯ ಮೇಲಿದ್ದ ಮಾವನವರು ಕೈಚಾಚಿ ಅದನ್ನು ಇಸಿದುಕೊಂಡರು. ಕಣ್ಣಿಗೆ ಪೊರೆ ಬಂದಿತ್ತು. ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಆಡಿಸಿದರು.

“ಪಟ್ಟಿ ಐತಿ ಖರೆ. ಕುತ್ತಿಗಿ ಸಣ್ಣದೈತಿ. ಇದು ನಮ್ದಲ್ಲ.”

“ನಿನಗ ಕಣ್ಣ ಕಾಣೂದಿಲ್ಲಪ್ಪಾ, ಕೊಡು. ಒಳಗ ಬರೋಬ್ಬರಿ ಕೂಡತೈತಿ.”

“ಕೂಡತೈತಿ, ಅದ ಧೋಕಾ. ಗುಂಡು ನಳಗ್ಯಾಗ ಸಡ್ಲ ಆಗಿ, ಹಿತ್ತಾಳಿ ಒಡದು ನಿನ್ನ ಮಾರಿಗೆ ಬಡದ್ರ?”

ಆಮೇಲೆ ಬಾಗಿಲ ಕಡೆ ತಿರುಗಿದರು. “ಬಾರವಾ ಹೊರಗ. ಎರಡೂ ಅಂಕಿ ಓದು.”

ನಾನು ಓದಿದ್ದು ಎರಡನೇ ಇಯತ್ತೆಯವರೆಗೆ. ಆದರೂ ಅಂಕಿ ಬರುತ್ತಿದ್ದವು. “ಇದರ ಮ್ಯಾಲ ಮುನ್ನೂರು ಐತ್ರಿ. ನಳಗಿ ಮ್ಯಾಲ ಮುನ್ನೂರಾ ಎಪ್ಪತ್ತೈದು” ಅಂದೆ.

ಗಂಡ ರೈಫಲ್ ಕೆಳಗಿಟ್ಟ. ಡಬ್ಬಿ ಬಡಿಯುತ್ತ ಹೋದೆವು; ಅಷ್ಟರಲ್ಲಿ ಹಂದಿ ಹೊಲದ ಒಂದು ಮೂಲೆಯನ್ನೇ ಮುಗಿಸಿದ್ದವು. ಮಾವನವರು ಆ ಕಬ್ಬಿನ ಮಾತೇ ಎತ್ತಲಿಲ್ಲ. ಮರುದಿನ ಗಂಡ ಗಂಟು ಬದಲಿಸಿಕೊಂಡು ಬಂದಾಗ ಒಂದೊಂದನ್ನೂ ಬೆರಳಾಡಿಸಿ ನೋಡಿ ನನ್ನ ಕೈಗೆ ಕೊಟ್ಟರು, ಅಂಕಿ ಓದಲು.

ಗಂಡನ ಮುಖ ಇವತ್ತಿಗೂ ನೆಟ್ಟಗಿದೆ. ನಾನು ಮತ್ತೆ ಬಾಗಿಲ ಹಿಂದೆ ನಿಲ್ಲಲಿಲ್ಲ.