ಅಗಳಿ ಹಾಕುವ ಕಾರು

ನಮ್ಮ ಮನೆಯಲ್ಲಿದ್ದ ಕಾರಿನ ಹಿಂಬಾಗಿಲಿಗೆ ಅಗಳಿ ಇತ್ತು. ಹಳೆಯ ಮನೆಗಳ ಕದಕ್ಕಿರುತ್ತದಲ್ಲ, ಅಡ್ಡಕ್ಕೆ ಸರಿಸುವ ಮರದ ಪಟ್ಟಿ, ಅದೇ. ಶಿರಸಿ ಪೇಟೆಯಲ್ಲಿ ನಾನು ಇಳಿದು ಅಗಳಿ ಸರಿಸಿದರೆ ನಾಲ್ಕು ಜನ ನಿಂತು ನೋಡುತ್ತಿದ್ದರು.

ಅಪ್ಪ ಹೈಸ್ಕೂಲಿನ ಗಣಿತದ ಮಾಸ್ತರಿಕೆಯಿಂದ ನಿವೃತ್ತರಾದ ವರ್ಷ ಅದು ನಮ್ಮಲ್ಲಿಗೆ ಬಂತು. ಯಲ್ಲಾಪುರದಲ್ಲಿ ಮರದ ಗುತ್ತಿಗೆ ಮಾಡುತ್ತಿದ್ದವರೊಬ್ಬರ ಮಗ ಅಪ್ಪನ ಹಳೆಯ ವಿದ್ಯಾರ್ಥಿ. ಅವನ ಶೆಡ್ಡಿನಲ್ಲಿ ಇಂಗ್ಲಿಷರ ಕಾಲದ ಕಾರೊಂದು ನಿಂತಿತ್ತು. ಮುಂಭಾಗ ತಗಡು, ಹಿಂಭಾಗ ಪೂರ್ತಿ ಮರ. ಆ ಮರದ ಭಾಗದಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಅಪ್ಪ ಸುಮ್ಮನೆ ಒಂದು ಮಾತು ಹೊಗಳಿದರು, ಅಷ್ಟೇ. ಮರುವಾರ ಅವನು ಕಾರನ್ನು ಲಾರಿಗೆ ಹೇರಿಸಿ ನಮ್ಮ ಅಂಗಳಕ್ಕೆ ಕಳಿಸಿಬಿಟ್ಟ. ಕೋಳಿಗಳನ್ನು ಮಾತ್ರ ಇಟ್ಟುಕೊಂಡ.

ಎಂಜಿನ್ನನ್ನು ಶಿರಸಿಯ ಗ್ಯಾರೇಜಿನವರು ಹೇಗೋ ಎಬ್ಬಿಸಿದರು. ಮರ ಮಾತ್ರ ಗೆದ್ದಲು ತಿಂದು ಪುಡಿಯಾಗಿತ್ತು. ಅಪ್ಪ ಸಿದ್ದಾಪುರದಿಂದ ಆಚಾರಿಯವರನ್ನು ಕರೆಸಿದರು. ದೇವರ ಪಲ್ಲಕ್ಕಿ, ಮನೆಯ ಕದ ಮಾಡುವುದರಲ್ಲಿ ಅವರದು ದೊಡ್ಡ ಹೆಸರು. ಕಾರು ಅವರಿಗೂ ಹೊಸದು. ಎರಡು ಮಳೆಗಾಲ ನಮ್ಮ ಜಗುಲಿಯ ಮೇಲೆ ಕೂತು ಒಳ್ಳೆಯ ಹಲಸಿನ ಮರದಲ್ಲಿ ಹೊಸ ಮೈ ಕಟ್ಟಿದರು. ತಮಗೆ ಗೊತ್ತಿದ್ದದ್ದನ್ನೆಲ್ಲ ಅದಕ್ಕೆ ಹಾಕಿದರು: ಬಾಗಿಲ ಮೂಲೆಗಳಲ್ಲಿ ಕಮಲ, ಕಿಟಕಿಯ ಕೆಳಗೆ ಬಳ್ಳಿ, ಹಿಂದುಗಡೆ ಅಗಳಿ.

ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ಕುಮಟೆಯ ಹತ್ತಿರದ ಕಡಲತೀರದಲ್ಲಿ ಮರದ ಮೈಯ ಹಳೆಯ ಕಾರುಗಳ ಮೇಳ ಎಂದು ಪೇಪರಿನಲ್ಲಿ ಬಂತು. ಅಪ್ಪ ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿದರು. ಅವರ ಕಣ್ಣಿಗೆ ಪೊರೆ ಬಂದಿದ್ದರಿಂದ ಕಾರು ಓಡಿಸುವುದು ಮಗಳಾದ ನನ್ನ ಪಾಲಿಗೆ ಬಂದಿತ್ತು. ಆಗ ನನಗೆ ಇಪ್ಪತ್ತಾರು, ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ.

"ಆನಂತೂ ಅದ್ರಲ್ಲಿ ಕೂತ್ಕಂಡು ಘಟ್ಟ ಇಳಿತ್ನಿಲ್ಲೆ," ಎಂದರು ಆಯಿ, ಅಂದರೆ ನಮ್ಮ ಅಮ್ಮ.

"ಆಚಾರಿನೂ ಬತ್ತಿದ್ದ. ಮುರಿದ್ರೆ ಅಲ್ಲೇ ಜೋಡಿಸ್ತ," ಎಂದರು ಅಪ್ಪ.

ಅದರಿಂದ ಆಯಿಗೆ ಎಷ್ಟು ಧೈರ್ಯ ಬಂತೋ ಗೊತ್ತಿಲ್ಲ. ಬೆಳಿಗ್ಗೆ ನೋಡಿದರೆ ಒಂದು ದೊಡ್ಡ ಡಬ್ಬಿ ಅವಲಕ್ಕಿ ಕಲಸಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದರು. ದೇವಿಮನೆ ಘಟ್ಟದ ಪ್ರತಿ ತಿರುವಿನಲ್ಲೂ ಅಪ್ಪ, "ಕೂಸೇ, ಬ್ರೇಕು ಒತ್ತಲಾಗ, ಗೇರಲ್ಲೇ ಇಳಿಸು," ಎನ್ನುತ್ತಿದ್ದರು. ಆಯಿ, "ಒತ್ತು, ಒತ್ತು," ಎನ್ನುತ್ತಿದ್ದರು. ನಾನು ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ ಹೇಗೋ ಕೆಳಗೆ ಮುಟ್ಟಿಸಿದೆ.

ತೀರದಲ್ಲಿ ಹತ್ತು ಹನ್ನೆರಡು ಕಾರುಗಳು ಸಾಲಾಗಿ ನಿಂತಿದ್ದವು. ಗೋವಾ, ಪುಣೆ, ಮುಂಬೈ ಕಡೆಯವು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳೆಯುವ ಮರ. ಮುಂಬೈಯಿಂದ ಬಂದಿದ್ದ ತೀರ್ಪುಗಾರರು ವಯಸ್ಸಾದವರು, ಕೈಯಲ್ಲಿ ಭೂತಗನ್ನಡಿ ಹಿಡಿದಿದ್ದರು. ನಮ್ಮ ಕಾರನ್ನು ಒಂದು ಸುತ್ತು ಹಾಕಿ ಕಮಲದ ಮೇಲೆ ಬೆರಳಾಡಿಸಿ ಮರಾಠಿಯಲ್ಲಿ ಏನೋ ಕೇಳಿದರು. ಅಪ್ಪ ಓದಿದ್ದು ಪುಣೆಯಲ್ಲಿ. ಮರಾಠಿಯಲ್ಲೇ ಹೆಮ್ಮೆಯಿಂದ ಉತ್ತರ ಕೊಟ್ಟರು: "ಫಣಸ," ಅಂದರೆ ಹಲಸು.

ತೀರ್ಪುಗಾರರು ತಲೆಯಾಡಿಸಿದರು. ಈ ಕಾರಿಗೆ ಮೊದಲಿದ್ದದ್ದು ವಿಲಾಯಿತಿಯ ಮರವಂತೆ. ಮೂಲದ ಮರವಲ್ಲದಿದ್ದರೆ ಸ್ಪರ್ಧೆಗೆ ಇಲ್ಲ, ಪ್ರದರ್ಶನಕ್ಕೆ ಬೇಕಾದರೆ ಅಲ್ಲಿ ನಿಲ್ಲಿಸಿಕೊಳ್ಳಿ ಎಂದು ಐಸ್‌ಕ್ಯಾಂಡಿ ಗಾಡಿಯ ಪಕ್ಕದ ಜಾಗ ತೋರಿಸಿದರು.

"ಎಂತ ಹೇಳ್ತಾರೆ ಮಾಸ್ತರ್ರೇ ಅವ್ರು?" ಆಚಾರಿಯವರು ಕೇಳಿದರು. ಅಪ್ಪ ಹೇಳಿದ್ದನ್ನು ಕೇಳಿ ಆಚಾರಿಯವರು ಕೆರಳಿದರು. "ಹಲಸು ಅಂದ್ರೆ ಅಷ್ಟು ಸಸಾರವಾ? ಇವರ ಮರವನ್ನು ಒಂದು ಮಳೆಗಾಲ ನಮ್ಮೂರಲ್ಲಿ ನಿಲ್ಲಿಸ್ಲಿ, ಆಮೇಲೆ ಮಾತಾಡುವ!"

ಅಪ್ಪ ನಿವೃತ್ತಿಯ ಸಮಾರಂಭಕ್ಕೆಂದು ಹೊಲಿಸಿದ್ದ ಕೋಟು ಹಾಕಿಕೊಂಡು ಬಂದಿದ್ದರು. ಅದನ್ನು ಕಳಚಿ ಮಡಿಲಲ್ಲಿಟ್ಟುಕೊಂಡು ಸಮುದ್ರದ ಕಡೆ ಮುಖ ಮಾಡಿ ಕೂತರು. ಮೂವತ್ತು ವರ್ಷ ಬೇರೆಯವರ ಉತ್ತರಕ್ಕೆ ಸೊನ್ನೆ ಹಾಕಿದವರು ತಮಗೇ ಸೊನ್ನೆ ಬಿದ್ದದ್ದನ್ನು ಹೇಗೆ ತಡೆದುಕೊಳ್ಳುವುದೆಂದು ತಿಳಿಯದೆ ಒದ್ದಾಡುತ್ತಿದ್ದರು. ನನಗೆ ಪಾಪ ಅನ್ನಿಸಿತು.

ಐಸ್‌ಕ್ಯಾಂಡಿ ಗಾಡಿಯ ಪಕ್ಕ ನಿಂತ ನಮ್ಮ ಕಾರನ್ನು ಜನ ಕ್ಯಾಂಟೀನ್ ಎಂದುಕೊಂಡರು. ಒಬ್ಬರು ಬಂದು ಆಯಿಯ ಹತ್ತಿರ ಇಡ್ಲಿ ಇದೆಯಾ ಎಂದು ಕೇಳಿದರು. ಆಯಿ ಒಂದು ಕ್ಷಣ ಯೋಚಿಸಿ, "ಇಡ್ಲಿ ಇಲ್ಲ, ಅವಲಕ್ಕಿ ಇದ್ದು, ತಿಂತ್ರ?" ಎಂದು ಡಬ್ಬಿ ತೆರೆದರು. ಅರ್ಧ ಗಂಟೆಯಲ್ಲಿ ಡಬ್ಬಿ ಬರಿದಾಯಿತು.

ಮಧ್ಯಾಹ್ನ ಕಾರುಗಳು ಒಂದೊಂದಾಗಿ ಒದ್ದೆ ಮರಳಿನ ಮೇಲೆ ಓಡಿ ತೋರಿಸಬೇಕಿತ್ತು. ಪುಣೆಯ ಕಾರಿಗೇ ಬಹುಮಾನ ಎಂದು ಎಲ್ಲರ ಬಾಯಲ್ಲೂ ಇತ್ತು. ಅದರ ಒಂದು ಮೊಳೆಯೂ ಬದಲಾಗಿರಲಿಲ್ಲವಂತೆ. ತೀರ್ಪುಗಾರರು ಅದರ ಯಜಮಾನರ ಪಕ್ಕ ಕೂತು ಹೊರಟರು. ತಿರುಗಿಸುವಾಗ ಹಿಂದಿನ ಚಕ್ರಗಳು ಮರಳಲ್ಲಿ ಹೂತವು. ಉಬ್ಬರ ಶುರುವಾಗಿತ್ತು. ಒಂದು ಅಲೆ ಬಂದು ಚಕ್ರ ತೊಳೆದು ಹೋಯಿತು.

ಇಳಿಯೋಣವೆಂದರೆ ಬಾಗಿಲು ತೆರೆಯಲೊಲ್ಲದು. ಎರಡು ದಿನದಿಂದ ಕಡಲಗಾಳಿ ಕುಡಿದು ಮರ ಉಬ್ಬಿ, ಬಾಗಿಲುಗಳೆಲ್ಲ ಬಿಗಿಯಾಗಿದ್ದವು; ಹತ್ತುವಾಗ ಜಗ್ಗಿ ಹಾಕಿದ್ದೇ ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ಹೊರಗಿನಿಂದ ಯಾರೋ ಎಳೆದರು, ಹಿಡಿಕೆಯೇ ಕೈಗೆ ಬಂತು. ಒಳಗಿನಿಂದ ಯಜಮಾನರು, "ಯಾರೂ ಮುಟ್ಟಬೇಡಿ, ಮೂಲದ ಹಿಡಿಕೆ ಅದು!" ಎಂದು ಅರಚುತ್ತಿದ್ದರು. ತೀರ್ಪುಗಾರರು ಕಾಲನ್ನು ಸೀಟಿನ ಮೇಲೆ ಎತ್ತಿಟ್ಟುಕೊಂಡಿದ್ದರು.

ನಮ್ಮ ಕಾರಿಗೆ ಯಲ್ಲಾಪುರದ ಗುತ್ತಿಗೆದಾರರು ಕಾಡಿನ ದಾರಿಗೆಂದು ದಪ್ಪ ಟಯರು ಹಾಕಿಸಿದ್ದರು. ನಾನು ಸ್ಟಾರ್ಟ್ ಮಾಡಿದೆ. ತೀರದಲ್ಲಿದ್ದ ಮೀನುಗಾರರು ಎರಡೂ ಕಾರಿಗೆ ಹಗ್ಗ ಬಿಗಿದರು. ಅಪ್ಪ ಕೋಟು ಬಿಸಾಕಿ ಓಡಿ ಬಂದರು. "ಹಿಂದೆ ಭಾರ ಸಾಲ್ತಿಲ್ಲೆ. ನೀ ಹತ್ತಿ ಕೂರು," ಎಂದರು ಆಯಿಗೆ.

"ಯನ್ನ ಭಾರ ಹೇಳಿ ಕೂರಿಸ್ತ್ರ?" ಎಂದು ಸಿಟ್ಟು ಮಾಡುತ್ತಲೇ ಆಯಿ ಹತ್ತಿದರು.

ಮೊದಲ ಎಳೆತಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ನಮ್ಮ ಕಾರು ಕೆಮ್ಮಿತು. ಮೂರನೆಯ ಸಲ ಮೀನುಗಾರರೂ ಹಿಂದಿನಿಂದ ಒತ್ತುಕೊಟ್ಟರು, ಪುಣೆಯ ಕಾರು ಒಣ ಮರಳಿಗೆ ಬಂದು ನಿಂತಿತು. ಆದರೆ ಒಳಗಿದ್ದವರು ಒಳಗೇ.

ಆಚಾರಿಯವರು ತಮ್ಮ ಹತಾರಗಳ ಚೀಲ ತಂದು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಮಾಸ್ತರ್ರೇ, ಅವರನ್ನು ಕೇಳಿ. ಇದು ಮೂಲದ ಮರ, ನಾನು ಮುಟ್ಟಬಹುದಾ ಅಂತ."

ಅಪ್ಪ ಗಾಜಿನ ಹತ್ತಿರ ಬಗ್ಗಿ ಒಂದಕ್ಷರ ಬಿಡದೆ ಅನುವಾದಿಸಿದರು. ಯಜಮಾನರು ಬೇಡ ಎಂದರು. ತೀರ್ಪುಗಾರರು ಬೇಗ ಮುಟ್ಟಿ ಎಂದರು.

ಆಚಾರಿಯವರು ಉಳಿಯನ್ನು ತೆಗೆಯಲೇ ಇಲ್ಲ. ಹೊರಗಿದ್ದ ಕೀಲುಗಳ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲನ್ನು ಇಷ್ಟಿಷ್ಟೇ ಅಲುಗಾಡಿಸಿ, ಇಡಿಯಾಗಿ ಕಳಚಿ ಮರಳ ಮೇಲೆ ಮಲಗಿಸಿದರು. ಒಂದು ಗೀರಿಲ್ಲ. ಆಮೇಲೆ ಮರ ಹೆರೆಯುವ ಕೀಸುಳಿ ತೆಗೆದು ಅಂಚಿನಲ್ಲಿ ಒಂದೇ ಒಂದು ಸಲ ಎಳೆದರು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಎದ್ದು ಬಂತು. ಬಾಗಿಲು ತಿರುಗಿ ಕೂರಿಸಿ ಕಿರುಬೆರಳಿನಿಂದ ದೂಡಿದರು. ಸದ್ದಿಲ್ಲದೆ ಹಾಕಿಕೊಂಡಿತು. ಕೆಳಗಿಳಿದ ಪುಣೆಯ ಯಜಮಾನರು ಆ ಸುರುಳಿಯನ್ನು ಹೆಕ್ಕಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ.

ಬಹುಮಾನ ಗೋವಾದ ಕಾರಿಗೆ ಹೋಯಿತು. ತೀರ್ಪುಗಾರರು ನಮ್ಮ ಹತ್ತಿರ ಬಂದು, ನಿಯಮ ನಿಯಮವೇ, ನಿಮಗೆ ಏನೂ ಕೊಡಲಾಗದು ಎಂದರು. ಆಮೇಲೆ ಭೂತಗನ್ನಡಿ ತೆಗೆದು ಕಮಲಗಳನ್ನು ಬಹಳ ಹೊತ್ತು ನೋಡಿದರು. ಅಪ್ಪ ಪಕ್ಕದಲ್ಲಿ ನಿಂತು ಒಂದೊಂದು ಎಸಳಿನ ಲೆಕ್ಕವನ್ನೂ ಮರಾಠಿಯಲ್ಲಿ ವಿವರಿಸಿದರು.

ಎರಡು ತಿಂಗಳಾದ ಮೇಲೆ ಪುಣೆಯವರು ಕಾರಿನ ಸಮೇತ ನಮ್ಮ ಮನೆಗೇ ಬಂದಿಳಿದರು. ಉಳಿದ ಬಾಗಿಲುಗಳನ್ನೂ ಸರಿ ಮಾಡಿಸಬೇಕಿತ್ತು. ಎಂಟು ದಿನ ಇದ್ದರು. ಆಯಿ ಅನ್ನಕ್ಕೆಂದು ಮಾಡಿದ ತಂಬುಳಿಯನ್ನು ಲೋಟದಲ್ಲಿ ಕುಡಿದರು. ಹಗಲಿಡೀ ಸಿದ್ದಾಪುರದಲ್ಲಿ ಆಚಾರಿಯವರೆದುರು ಸ್ಟೂಲು ಹಾಕಿ ಕೂತು, ಕೀಸುಳಿ ಎತ್ತಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಡುವೆ ಅಪ್ಪ ಕೂತು ಇಬ್ಬರ ಬೈಗುಳವನ್ನೂ ಸ್ವಲ್ಪ ಮೃದು ಮಾಡಿ ದಾಟಿಸುತ್ತಿದ್ದರು. ಅಪ್ಪ ಅಷ್ಟು ಖುಷಿಯಾಗಿದ್ದುದನ್ನು ನಾನು ನಿವೃತ್ತಿಯ ನಂತರ ನೋಡಿರಲೇ ಇಲ್ಲ.

ಹೊರಡುವ ದಿನ ಪುಣೆಯವರಿಗೆ ಬನವಾಸಿ ನೋಡಬೇಕೆನ್ನಿಸಿತು. ಆಚಾರಿಯವರನ್ನು ಪಕ್ಕಕ್ಕೆ ಕೂರಿಸಿಕೊಂಡು ಹೋದವರು ಅಲ್ಲಿಂದಲೇ ಪುಣೆಗೆ ಹೊರಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಶಿರಸಿಗೆ ಬಂದಿಳಿದ ಆಚಾರಿಯವರನ್ನು ಅಪ್ಪ, "ದಾರಿಯಲ್ಲಿ ಎಂತ ಮಾತಾಡಿದ್ರಿ?" ಎಂದು ಕೇಳಿದರು.

"ಅವರು ಎಂತೋ ಹೇಳಿದ್ರು, ನಾನು ಹೌದು ಅಂದೆ. ನಾನು ಎಂತೋ ಹೇಳಿದೆ, ಅವರು ನಕ್ಕರು," ಎಂದರು ಆಚಾರಿಯವರು. "ಒಳ್ಳೇ ಜನ ಮಾಸ್ತರ್ರೇ."